ಓಡುವಾಗ ಕೇಳದ ಶಬ್ದ

1/8

ಸ್ಪೀಕರ್‌ನಿಂದ ಶಬ್ದ ಬರ್ತದೆ ಅಂದ್ರೆ ಸಾಲದು. ಎಂಥ ಶಬ್ದ ಅಂತ ಹೇಳ್ಬೇಕು. ಕರಕರನಾ? ಗರಗರನಾ? ಕುಂಯ್ ಅಂತನಾ? ಸುಂಯ್ ಅಂತನಾ?

ನಗ್ಬೇಡಿ. ಇಂಗ್ಲಿಷ್ ಮ್ಯಾನ್ಯುವಲ್‌ನಲ್ಲಿ ಒಂದು ಪುಟ ಬರೆದದ್ದನ್ನು ನಮ್ಮ ಅಜ್ಜಿಯಂದಿರು ಒಂದೊಂದು ಪದದಲ್ಲಿ ಮುಗಿಸ್ತಿದ್ರು. ಕರಕರ ಅಂದ್ರೆ ಎಲ್ಲೋ ಒಂದು ವಯರು ಹಿಡಿದು ಬಿಟ್ಟು ಮಾಡ್ತಾ ಉಂಟು. ಗರಗರ ಅಂದ್ರೆ ಏನೋ ಸಡಿಲ ಆಗಿದೆ, ಇಲ್ಲಾ ಹರಿದಿದೆ. ಸುಂಯ್ ಅಂತ ಒಂದೇ ಸಮ ಇದ್ರೆ ಆ್ಯಂಪ್ಲಿಫೈಯರಿನ ಗೇನ್ ಜಾಸ್ತಿ ಇಟ್ಟಿದ್ದಾರೆ. ಕುಂಯ್ ಅಂತ ಎಂಜಿನ್ ಜೊತೆ ಏರಿ ಇಳಿದ್ರೆ ಅದು ಆಲ್ಟರ್ನೇಟರ್. ಅಂದ್ರೆ ಬ್ಯಾಟರಿ ಚಾರ್ಜ್ ಮಾಡುವ ಆ ಡಬ್ಬಿಯ ಕರೆಂಟು ಹಾಡಿನ ದಾರಿಗೆ ನುಗ್ಗಿದೆ.

ನಮ್ಮ ಕಾರಲ್ಲಿ ಈ ನಾಲ್ಕರಲ್ಲಿ ಎರಡು ಇತ್ತು. ಒಂದು ಗರಗರ, ಒಂದು ಕುಂಯ್. ಕಳೆದ ವಾರ ಸ್ಟೋರಿಯಲ್ಲಿ ಡೋರು ಬಿಚ್ಚಿದ ಫೋಟೋ ನೋಡಿ "ಕಾರು ಗುಜರಿಗಾ?" ಅಂತ ಕೇಳಿದವರೆಲ್ಲ ಇದನ್ನು ಓದಿ. ಉದ್ದ ಉಂಟು, ಅದಕ್ಕೇ ಎಂಟು ಪೋಸ್ಟ್.

2/8

ಕಾರು ಅಪ್ಪನದ್ದು. ಹಳದಿ ಬೋರ್ಡು, ಏಳು ಸೀಟು, ಸೆಕೆಂಡ್ ಹ್ಯಾಂಡ್. ಬಜಪೆ ಏರ್‌ಪೋರ್ಟಿನ ಬಾಡಿಗೆ, ಧರ್ಮಸ್ಥಳ-ಸುಬ್ರಹ್ಮಣ್ಯ ಟ್ರಿಪ್ಪು, ಒಮ್ಮೊಮ್ಮೆ ಕೊಲ್ಲೂರು. ಅದಕ್ಕೆ ಮೊದಲು 19 ವರ್ಷ ಅಪ್ಪ ಉಡುಪಿ ಲೈನಿನ ಎಕ್ಸ್‌ಪ್ರೆಸ್ ಬಸ್ಸಿನ ಡ್ರೈವರ್. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಮೇ ತಿಂಗಳಿಂದ ಪ್ಯಾಸೆಂಜರ್‌ಗಳ ಕಂಪ್ಲೇಂಟು ಶುರು. ಒಬ್ಬರು ಸೀದಾ "ಆ ರೇಡಿಯೋ ಆಫ್ ಮಾಡಿ ಮಾರ್ರೆ" ಅಂದ್ರಂತೆ. ಇನ್ನೊಬ್ಬರು ಬಾಯಲ್ಲಿ ಏನೂ ಹೇಳದೆ ಇಳಿದು ಹೋಗಿ ಆ್ಯಪ್‌ನಲ್ಲಿ ಎರಡು ಸ್ಟಾರ್ ಕೊಟ್ಟು, ಕಾರಲ್ಲಿ ಕಿವಿ ಕೊರೆಯುವ ಶಬ್ದ ಅಂತ ಬರೆದ್ರು. ಬಾಡಿಗೆಗೆ ಓಡಿಸುವವರ ಮಕ್ಕಳಿಗೆ ಗೊತ್ತುಂಟು, ಎರಡು ಸ್ಟಾರ್ ಅಂದ್ರೆ ಬರೇ ನಕ್ಷತ್ರ ಅಲ್ಲ. ರೇಟಿಂಗ್ ಇಳಿದ್ರೆ ಬುಕಿಂಗ್ ಇಳೀತದೆ, ಬುಕಿಂಗ್ ಇಳಿದ್ರೆ ನನ್ನ ಸೆಮಿಸ್ಟರ್ ಫೀಸಿನ ತಾರೀಕು ಮುಂದೆ ಹೋಗ್ತದೆ.

ಅಪ್ಪ ಸಿಟಿಯ ಒಂದು ಆಕ್ಸೆಸರೀಸ್ ಅಂಗಡಿಗೆ ಹೋದ್ರು. ಅವರು ಕಾರಿನ ಬಾಗಿಲು ಸಹ ತೆರೆಯದೆ ನಾಲ್ಕೂ ಸ್ಪೀಕರ್, ಆ್ಯಂಪ್ಲಿಫೈಯರ್ ಎರಡೂ ಬದಲಿಸ್ಬೇಕು, 11,800 ರೂಪಾಯಿ ಅಂದ್ರು. ನೋಡದೆ ರೇಟು ಹೇಳುವುದು ಒಂದು ಕಲೆ, ಆಗ್ಲಿ.

ಆದ್ರೆ ನನಗೆ ವಿಚಿತ್ರ ಅನಿಸಿದ್ದು ಅಪ್ಪನ ಮಾತು. "ಓಡಿಸುವಾಗ ಎಂತದೂ ಶಬ್ದ ಇಲ್ಲ ಮಗಳೇ. ಸಿಗ್ನಲ್‌ನಲ್ಲಿ ನಿಂತಾಗ ಸ್ವಲ್ಪ ಕುಂಯ್ ಅಂತದೆ, ಅಷ್ಟೇ. ಇವರಿಗೆಲ್ಲ ಎಂತ ಆಗಿದೆ?"

ಪ್ಯಾಸೆಂಜರ್‌ಗಳು ಹೇಳ್ತಿದ್ದದ್ದು ಸರಿ ಉಲ್ಟಾ. ನಿಂತಾಗ ಪರ್ವಾಗಿಲ್ಲ, ಓಡುವಾಗ ಕೂತ್ಕೊಳ್ಳಿಕ್ಕೆ ಆಗುದಿಲ್ಲ.

3/8

ಬಿಚ್ಚುವ ಮೊದಲು ಕೇಳ್ಬೇಕು. ಸ್ಕ್ರೂಡ್ರೈವರ್ ಡಿಕ್ಕಿಯಲ್ಲೇ ಇರ್ಲಿ.

ಮೊದಲು ಸೋರ್ಸ್ ಬದಲಿಸಿ ನೋಡಿ. ರೇಡಿಯೋದಲ್ಲಿ ಮಾತ್ರ ಕರಕರ ಇದ್ದು, ಪೆನ್‌ಡ್ರೈವ್ ಹಾಕಿದಾಗ ಇಲ್ಲ ಅಂತಾದ್ರೆ ಸ್ಪೀಕರಿನ ತಪ್ಪಲ್ಲ. ಆ್ಯಂಟೆನಾದ ಬುಡ ತುಕ್ಕು ಹಿಡಿದಿರಬಹುದು, ಇಲ್ಲಾ ಸಿಗರೇಟ್ ಸಾಕೆಟಿಗೆ ಸಿಕ್ಕಿಸಿದ ಚೀಪ್ ಚಾರ್ಜರ್ ಕಿತಾಪತಿ ಮಾಡ್ತಿರಬಹುದು. ಚಾರ್ಜರ್, ಡ್ಯಾಶ್‌ಕ್ಯಾಮ್ ಒಂದೊಂದೇ ಕಿತ್ತು ನೋಡಿ, ಪಕ್ಕನೆ ಗೊತ್ತಾಗ್ತದೆ. ಇನ್ನು ಕೆಲವು ಸಲ ಯಾರದ್ದೂ ತಪ್ಪಿಲ್ಲ. ಕದ್ರಿ ಗುಡ್ಡದ ಆಕಾಶವಾಣಿ 100.3 ಮಂಗಳೂರಲ್ಲಿ ಗಂಟೆ ಹೊಡೆದ ಹಾಗೆ ಕೇಳ್ತದೆ, ಶಿರಾಡಿ ಘಾಟಿ ಹತ್ತುವಾಗ ಕರಕರ ಅಂತದೆ. ಎಫ್.ಎಂ. ತರಂಗ ಹೆಚ್ಚುಕಮ್ಮಿ ನೇರ ದಾರಿಯಲ್ಲೇ ಬರುವಂಥದ್ದು, ನಡುವೆ ಗುಡ್ಡ ಬಂದ್ರೆ ಅದಾದ್ರೂ ಎಂತ ಮಾಡ್ಬೇಕು? ಅದಕ್ಕೆ ಸ್ಪೀಕರ್ ಬದಲಿಸಿದವರೂ ಇದ್ದಾರೆ, ನಂಬಿ.

ಎರಡನೇದು, ಬ್ಯಾಲೆನ್ಸ್ ಮತ್ತು ಫೇಡರ್. ಸೆಟ್ಟಿಂಗ್ಸ್‌ನಲ್ಲಿ ಎಲ್ಲರ ಕಾರಲ್ಲೂ ಉಂಟು, ಯಾರೂ ಮುಟ್ಟುದಿಲ್ಲ. ಶಬ್ದವನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ, ಮುಂದಕ್ಕೆ, ಹಿಂದಕ್ಕೆ ತಳ್ಳಿ ನೋಡಿ. ನಮ್ಮ ಗರಗರ ಮುಂದಿನ ಎಡ ಬಾಗಿಲಲ್ಲಿ ಮಾತ್ರ. ಆದ್ರೆ ಕುಂಯ್ ನಾಲ್ಕೂ ಕಡೆ. ನಾಲ್ಕು ಸ್ಪೀಕರ್ ಒಟ್ಟಿಗೆ ಒಂದೇ ರೋಗ ಹಿಡಿದು ಮಲಗುದಿಲ್ಲ. ಎಲ್ಲ ಕಡೆ ಒಂದೇ ಶಬ್ದ ಇದ್ರೆ ರೋಗ ಅವುಗಳಿಗಿಂತ ಹಿಂದೆ ಉಂಟು, ಸೆಟ್‌ನಲ್ಲೋ ಆ್ಯಂಪ್‌ನಲ್ಲೋ ವಯರಿಂಗ್‌ನಲ್ಲೋ.

ಮೂರನೇದು, ಕೀ ತಿರುಗಿಸಿ ಎಂಜಿನ್ ಸ್ಟಾರ್ಟ್ ಮಾಡದೆ ಹಾಡು ಹಾಕಿ. ಗರಗರ ಇತ್ತು, ಕುಂಯ್ ಇಲ್ಲ. ಸ್ಟಾರ್ಟ್ ಮಾಡಿದ ಕೂಡ್ಲೇ ಕುಂಯ್ ಬಂತು.

ಇಷ್ಟಕ್ಕೆ ಹತ್ತು ನಿಮಿಷ, ಖರ್ಚು ಸೊನ್ನೆ. 11,800ರಲ್ಲಿ ಮೂರು ಸ್ಪೀಕರ್ ಆಗಲೇ ಉಳೀತು.

4/8

ಗರಗರದ ಕತೆ ನಮ್ಮ ಮಳೆಯ ಕತೆ.

ಕಾರಿನ ಬಾಗಿಲೊಳಗೆ ನೀರು ಹೋಗುದಿಲ್ಲ ಅಂತ ಎಣಿಸಿದ್ರೆ ತಪ್ಪು. ಗ್ಲಾಸಿನ ಬದಿಯಿಂದ ನೀರು ಒಳಗೆ ಇಳಿದೇ ಇಳೀತದೆ, ಕಂಪನಿಯವರು ಅದನ್ನು ಲೆಕ್ಕ ಹಾಕಿಯೇ ಡಿಸೈನ್ ಮಾಡಿರ್ತಾರೆ. ಇಳಿದ ನೀರು ಬಾಗಿಲಿನ ತಳದಲ್ಲಿರುವ ಸಣ್ಣ ತೂತುಗಳಿಂದ ಹೊರಗೆ ಹೋಗ್ಬೇಕು. ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರ್ತಾರೆ, ನೀರು ಈಚೆ ಬರದ ಹಾಗೆ. ವರ್ಷಕ್ಕೆ ಮೂರೂವರೆ ಮೀಟರಿಗಿಂತ ಹೆಚ್ಚು ಮಳೆ ಬೀಳುವ ಊರು ನಮ್ಮದು. ಇಲ್ಲಿ ಆ ತೂತು, ಆ ಹಾಳೆ ಎರಡೂ ಸರಿ ಇರ್ಬೇಕು.

ಬ್ಯಾಟರಿಯ ನೆಗೆಟಿವ್ ತೆಗೆದು, ನಮ್ಮ ವಠಾರದ ಟಿಂಕರಿಂಗ್ ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಗಿಲಿನ ಪ್ಯಾಡ್ ಬಿಚ್ಚಿದ್ದು. ಹಾಳೆ ಅರ್ಧ ಹರಿದು ನೇತಾಡ್ತಾ ಇತ್ತು. ಹಿಂದೆ ಯಾರೋ ಸ್ಪೀಕರ್ ಕೂರಿಸುವಾಗ ಚೂರಿ ಹಾಕಿ ಹರಿದದ್ದು. ತಳದ ತೂತು ಮೂರರಲ್ಲಿ ಎರಡು ಮಣ್ಣು, ಎಲೆ ಸೇರಿ ಮುಚ್ಚಿ ಹೋಗಿದೆ. ಸ್ಪೀಕರಿನ ಕೋನು ಕಾಗದದ್ದು. ಮಳೆಗಾಲ ಇಡೀ ಅದು ಸ್ನಾನ ಮಾಡಿದೆ! ಬೆರಳಿನಿಂದ ನಾಲ್ಕೂ ಬದಿ ಸಮ ಒತ್ತಿ ನೋಡಿದೆ. ಒಳ್ಳೆ ಸ್ಪೀಕರ್ ಆದ್ರೆ ಮೆತ್ತಗೆ, ಶಬ್ದ ಇಲ್ಲದೆ ಒಳಗೆ ಹೋಗಿ ಬರ್ತದೆ. ಇದು ಉಜ್ಜಿದ ಹಾಗೆ ಚರಚರ ಅಂತು. ಕಾಗದ ಉಬ್ಬಿ ಸೊಟ್ಟ ಆದದ್ದಕ್ಕೆ ಒಳಗಿನ ಕಾಯಿಲ್ ಮ್ಯಾಗ್ನೆಟಿಗೆ ತಾಗ್ತಾ ಇತ್ತು.

ಇಲ್ಲಿ ಒಂದು ಮಾತು. ಮಲ್ಟಿಮೀಟರ್ ಹಿಡಿದಾಗ ಆ ಸ್ಪೀಕರ್ 3.5 ಓಮ್ ತೋರಿಸಿತು. ನಾಲ್ಕು ಓಮಿನ ಸ್ಪೀಕರಿಗೆ ಅದು ಸರಿಯಾದ ಲೆಕ್ಕವೇ. ಮೀಟರಿನ ಪ್ರಕಾರ ಅದಕ್ಕೆ ರೋಗವೇ ಇಲ್ಲ. ನಮ್ಮ ಲ್ಯಾಬಿನವರೇ, ಮೀಟರ್ ನೋಡಿ ಓಕೆ ಅಂತ ಬರೆದು ಹೋಗುವವರೇ, ಕೇಳಿಸ್ತಾ? ಕಾಯಿಲ್ ತುಂಡಾಗಿದೆಯೋ ಇಲ್ಲವೋ ಅಂತ ಮಾತ್ರ ಮೀಟರಿಗೆ ಗೊತ್ತು. ಉಜ್ಜುವುದು ಬೆರಳಿಗೂ ಕಿವಿಗೂ ಮಾತ್ರ ಗೊತ್ತು.

ಮುಂದಿನ ಎರಡಕ್ಕೂ ಪ್ಲಾಸ್ಟಿಕ್ ಕೋನಿನ ಹೊಸ ಜೋಡಿ, 1,650 ರೂಪಾಯಿ. ಹಾಳೆಯ ಬದಲಿಗೆ ಸುಳ್ಯದ ಅಜ್ಜನ ಮನೆಯಿಂದ ತಂದ, ಮಳೆಗಾಲದಲ್ಲಿ ರಬ್ಬರ್ ಮರಕ್ಕೆ ಕಟ್ಟುವ ದಪ್ಪ ಪ್ಲಾಸ್ಟಿಕ್. ಜೂನ್-ಜುಲೈಯಲ್ಲಿ ಮರವನ್ನೇ ಕಾಯುವ ಸಾಮಾನು, ಸ್ಪೀಕರ್ ಯಾವ ಲೆಕ್ಕ.

ಹೊಸದು ಕೂರಿಸಿದ ಮೇಲೂ ಸಣ್ಣ ಕಟಕಟ ಉಳಿದಿತ್ತು. ಆಗ ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 30 ಹರ್ಟ್ಸ್‌ನಿಂದ ನಿಧಾನಕ್ಕೆ ಏರಿಸಿದ್ದು. ಸಡಿಲ ಇರುವ ಪ್ರತಿ ವಸ್ತುವಿಗೂ ತನ್ನದೇ ಒಂದು ಸ್ವರ ಉಂಟು, ಅದು ಬಂದಾಗ ಮಾತ್ರ ಕುಣೀತದೆ. 84ಕ್ಕೆ ಬಂದಾಗ ಕಟಕಟ. ಅಂಗೈಯಿಂದ ಬಾಗಿಲನ್ನು ಅಲ್ಲಲ್ಲಿ ಒತ್ತಿದೆ, ಒಂದು ಕಡೆ ಒತ್ತಿದಾಗ ನಿಂತಿತು. ಒಳಗೆ ಒಂದು ವಯರ್ ಕನೆಕ್ಟರ್ ತಗಡಿಗೆ ಬಡೀತಾ ಇತ್ತು. ಸ್ಪಂಜಿನ ಟೇಪು ಸುತ್ತಿದ್ದೇ ಸುತ್ತಿದ್ದು, ಬಂದ್.

5/8

ಈಗ ಕುಂಯ್.

ಇದಕ್ಕೆ ಸುಮಾರು ಸಲ ಕಾರಣ ಒಂದೇ, ಅರ್ಥಿಂಗ್. ಕಾರಲ್ಲಿ ನೆಗೆಟಿವ್ ವಯರ್ ಪ್ರತ್ಯೇಕ ಎಳೆಯುದಿಲ್ಲ, ಇಡೀ ಬಾಡಿಯೇ ನೆಗೆಟಿವ್. ಆ್ಯಂಪಿನ ಕಪ್ಪು ವಯರನ್ನು ಬಾಡಿಗೆ ಕಚ್ಚಿಸಿದ ಜಾಗ ಸರಿ ಇಲ್ಲದಿದ್ರೆ ಕರೆಂಟು ಬೇರೆ ದಾರಿ ಹುಡುಕ್ತದೆ. ಸೆಟ್‌ನಿಂದ ಹಾಡು ತರುವ ಸಣ್ಣ ಆರ್.ಸಿ.ಎ. ವಯರಿನ ಮೂಲಕವೂ ಹರೀಲಿಕ್ಕೆ ಶುರು ಮಾಡ್ತದೆ. ಆಗ ಹಾಡಿನ ಜೊತೆ ಆಲ್ಟರ್ನೇಟರಿನ ಸಂಗೀತವೂ ಫ್ರೀ.

ನಮ್ಮ ಮನೆ ಪಣಂಬೂರಿನ ಹತ್ರ. ಸಮುದ್ರದ ಗಾಳಿಗೆ ಕಿಟಕಿಯ ಸರಳೇ ಎರಡು ವರ್ಷಕ್ಕೆ ಪುಡಿಪುಡಿ, ಒಂದು ಸ್ಕ್ರೂ ಎಷ್ಟು ದಿನ ಬಾಳ್ತದೆ? ಡ್ರೈವರ್ ಸೀಟಿನ ಅಡಿ ಇರುವ ಆ್ಯಂಪಿನ ಅರ್ಥ್ ವಯರನ್ನು ಪೈಂಟಿನ ಮೇಲೆಯೇ ಸ್ಕ್ರೂ ಹೊಡೆದು ಕೂರಿಸಿದ್ರು. ಸ್ಕ್ರೂ ಪೂರ್ತಿ ಕೆಂಪು. ಎಂಜಿನ್ ಆನ್ ಇಟ್ಟು ಆ್ಯಂಪಿನ ಅರ್ಥಿನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಅಳೆದ್ರೆ 0.6 ವೋಲ್ಟ್. ಅಲ್ಲಿ 0.1ಕ್ಕಿಂತ ಕಮ್ಮಿ ಇರ್ಬೇಕು.

ರಿಪೇರಿ ತೀರಾ ಸುಲಭ. ಪೈಂಟನ್ನು ಬಿಳಿ ಲೋಹ ಕಾಣುವಷ್ಟು ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಹೊಸ ಬೋಲ್ಟು ಬಿಗಿದು, ಮೇಲಿಂದ ವ್ಯಾಸಲಿನ್ ಮೆತ್ತಿದ್ದು, ಉಪ್ಪುಗಾಳಿ ತಾಗದ ಹಾಗೆ. ವಯರು ಗಿಡ್ಡ ಇದ್ದಷ್ಟು ಒಳ್ಳೇದು. ಆರ್.ಸಿ.ಎ. ವಯರು ಪವರ್ ವಯರಿನ ಜೊತೆಗೇ ಬಂದಿತ್ತು, ಅದನ್ನು ಕಾರಿನ ಇನ್ನೊಂದು ಬದಿಯಿಂದ ತಂದದ್ದು. ಒಟ್ಟು 140 ರೂಪಾಯಿ.

ಆದ್ರೆ ರಿಪೇರಿ ಮಾಡುವ ಮೊದಲು, ಶಬ್ದ ಎಷ್ಟು ಸ್ಪೀಡಿನಲ್ಲಿ ಹೇಗೆ ಬರ್ತದೆ ಅಂತ ಬರೆದಿಡ್ಬೇಕಿತ್ತು. ಅದಕ್ಕೆ ಅಪ್ಪನನ್ನು ಡ್ರೈವರ್ ಸೀಟಲ್ಲಿ ಕೂರಿಸಿ, ನಾನು ಪಕ್ಕದಲ್ಲಿ ಪುಸ್ತಕ ಹಿಡಿದು ಕೂತೆ.

6/8

ನ್ಯೂಟ್ರಲ್. ಹಾಡು ಪಾಸ್. ವಾಲ್ಯೂಮ್ ಅಪ್ಪ ದಿನಾ ಇಡುವಷ್ಟು, 28.

800 ಆರ್.ಪಿ.ಎಂ. "ಕೇಳ್ತದಾ ಅಪ್ಪ?" "ಹ್ಞಾ, ಕುಂಯ್ ಅಂತದೆ."

1,500. "ಕೇಳ್ತದೆ. ಸ್ವಲ್ಪ ಸಪೂರ ಆಯ್ತು."

2,000. "ಕಮ್ಮಿ ಆಯ್ತು ಈಗ."

ನನಗೆ ಕಮ್ಮಿ ಆಗಿರ್ಲಿಲ್ಲ. ಜಾಸ್ತಿ ಆಗಿತ್ತು.

2,700. ಅಪ್ಪ ನನ್ನ ಕಡೆ ತಿರುಗಿ, "ನೋಡು, ಹೋಯ್ತು. ನಾನು ಹೇಳ್ಲಿಲ್ವಾ, ಓಡಿಸುವಾಗ ಇರುದಿಲ್ಲ" ಅಂತ ಗೆದ್ದವರ ಹಾಗೆ ನಕ್ಕರು. ನಾನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡಿದ್ದೆ.

ಆಗ ಏನೂ ಹೇಳ್ಲಿಲ್ಲ. ಪುಸ್ತಕದಲ್ಲಿ ಲೆಕ್ಕ ಮಾಡಿದೆ. ಸಾಮಾನ್ಯ ಕಾರಿನ ಆಲ್ಟರ್ನೇಟರಿನಲ್ಲಿ 12 ಪೋಲ್, ಮೂರು ಫೇಸ್. ಅದು ಒಂದು ಸುತ್ತು ತಿರುಗುವಾಗ ಕರೆಂಟಿನಲ್ಲಿ 36 ಸಣ್ಣ ಅಲೆ ಏಳ್ತದೆ. ಎಂಜಿನ್ ಒಂದು ಸುತ್ತು ತಿರುಗಿದ್ರೆ ಬೆಲ್ಟು ಆಲ್ಟರ್ನೇಟರನ್ನು ಸುಮಾರು ಎರಡೂವರೆ ಸುತ್ತು ತಿರುಗಿಸ್ತದೆ ಅಂತ ಇಟ್ಟುಕೊಳ್ಳಿ. 800 ಆರ್.ಪಿ.ಎಂ.ಗೆ 1,200 ಹರ್ಟ್ಸ್. 2,000ಕ್ಕೆ 3,000. 2,700ಕ್ಕೆ 4,000ದ ಆಸುಪಾಸು.

ಶಬ್ದ ಹೋದದ್ದಲ್ಲ. ಅಪ್ಪನ ಕಿವಿ ಮುಗಿಯುವ ಜಾಗಕ್ಕೆ ಏರಿದ್ದು.

ಗರಗರ ಹುಡುಕಿದ ಅದೇ ಆ್ಯಪ್ ತೆಗೆದು, ಎಂಜಿನ್ ಆಫ್ ಮಾಡಿ, ಒಂದೊಂದೇ ಸ್ವರ ಹಾಕಿದೆ. 500, 1,000, 2,000 ಎಲ್ಲ ಸರಿ. 3,000ಕ್ಕೆ ವಾಲ್ಯೂಮ್ ಏರಿಸ್ಬೇಕಾಯ್ತು. 4,000ಕ್ಕೆ ಅಪ್ಪ ನನ್ನ ಮುಖವನ್ನೇ ನೋಡ್ತಾ ಕೂತಿದ್ರು, "ಹಾಕು ಮಗಳೇ" ಅಂತ. ಹಾಕಿ ಹತ್ತು ಸೆಕೆಂಡ್ ಆಗಿತ್ತು. 8,000ಕ್ಕೆ ಪುನಃ ಸ್ವಲ್ಪ ಕೇಳಿತು.

ಫೋನಿನ ಆ್ಯಪ್ ಆಸ್ಪತ್ರೆಯ ಟೆಸ್ಟ್ ಅಲ್ಲ, ಅದು ನನಗೂ ಗೊತ್ತು. ಆದ್ರೆ ಕೆಳಗೆ ಸರಿ, 4,000ದಲ್ಲಿ ಗುಂಡಿ, ಆಚೆ ಪುನಃ ಸ್ವಲ್ಪ ಮೇಲೆ, ಈ ಆಕಾರ ನಾನು ಎಲ್ಲೋ ಓದಿದ್ದೆ. ದೊಡ್ಡ ಶಬ್ದದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರ ಕಿವಿ ಮೊದಲು ಕೈಕೊಡುವುದು ಅಲ್ಲೇ.

7/8

ಆಸ್ಪತ್ರೆಗೆ ಹೊರಡಿಸ್ಲಿಕ್ಕೆ ಹನ್ನೊಂದು ದಿನ ಹಿಡೀತು. ಕಾರು ಬಿಚ್ಚಿದ್ದು ಅದರ ಮುಂದೆ ಏನೂ ಅಲ್ಲ. ಅಪ್ಪನ ತಲೆಬಿಸಿ ಕಿವಿಯದ್ದಲ್ಲ, ಲೈಸನ್ಸಿನದ್ದು. "ಕಿವುಡ ಅಂತ ಬರೆದುಕೊಟ್ರೆ ಬ್ಯಾಡ್ಜ್ ಹೋಗ್ತದೆ. ಮತ್ತೆ ನಿನ್ನ ಕಾಲೇಜು?" ಅಂದ್ರು ಒಂದು ರಾತ್ರಿ. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಅಮ್ಮ ಮಾತ್ರ, "ಹೋಗಿ ಬನ್ನಿ, ಗೊತ್ತಿಲ್ಲದೆ ಓಡಿಸುವುದಕ್ಕಿಂತ ಗೊತ್ತಿದ್ದು ಓಡಿಸುವುದು ಒಳ್ಳೇದು" ಅಂದ್ರು. ಅಮ್ಮ ಹೇಳಿದ ಮೇಲೆ ಹೊರಟ್ರು.

ಗಾಜಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿದ್ರು. ಗ್ರಾಫ್ ಬಂತು, ನಡುವೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಒಂದು ಗುಂಡಿ. 4,000ದಲ್ಲಿ ಎಡಕಿವಿ 65 ಡೆಸಿಬಲ್, ಬಲಕಿವಿ 55. "ಎಂತ ಕೆಲಸ ಮಾಡ್ತಿದ್ರಿ?" ಅಂತ ಕೇಳಿದ್ರು ಅಲ್ಲಿಯ ಮೇಡಂ. ಬಸ್ಸು ಅಂದ ಕೂಡ್ಲೇ ತಲೆ ಆಡಿಸಿದ್ರು. ಹಳೆ ಬಸ್ಸುಗಳಲ್ಲಿ ಎಂಜಿನ್ ಮುಂದೆ, ಡ್ರೈವರಿನ ಎಡಮಗ್ಗುಲಲ್ಲೇ. 19 ವರ್ಷ, ದಿನಕ್ಕೆ ಹತ್ತು ಗಂಟೆ, ಜೊತೆಗೆ ಏರ್‌ಹಾರ್ನ್. 85 ಡೆಸಿಬಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಅಂತ ಒಂದು ಲೆಕ್ಕ ಉಂಟು, ಮೂರು ಡೆಸಿಬಲ್ ಏರಿದ ಹಾಗೆ ಹೊತ್ತು ಅರ್ಧ ಆಗ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು. ಕಿವಿಯೊಳಗೆ ಶಬ್ದ ಹಿಡಿಯುವ ಸಣ್ಣ ಸಣ್ಣ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ರೆ ಪುನಃ ಹುಟ್ಟುದಿಲ್ಲ. ರಬ್ಬರ್ ಪ್ಲಾಸ್ಟಿಕ್ ಹಾಕಿ ರಿಪೇರಿ ಮಾಡುವ ಹಾಗಿಲ್ಲ.

ಲೈಸನ್ಸಿನ ವಿಷಯ ಅಪ್ಪ ಕೇಳ್ಲಿಲ್ಲ, ನಾನೇ ಕೇಳಿದೆ. ಕಾರಿನ ಹಾರ್ನಿನ ಸ್ವರ 400-500 ಹರ್ಟ್ಸ್ ಸುತ್ತಮುತ್ತ ಇರ್ತದೆ. ಅಲ್ಲಿ ಅಪ್ಪನ ಕಿವಿ ನನ್ನ ಕಿವಿಯಷ್ಟೇ ಚೆನ್ನಾಗಿ ಉಂಟು. ಸದ್ಯ ಓಡಿಸ್ಲಿಕ್ಕೆ ತೊಂದರೆ ಇಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ, ದೊಡ್ಡ ಶಬ್ದದಿಂದ ದೂರ ಇರಿ ಅಂತ ಡಾಕ್ಟರ್ ಬರೆದುಕೊಟ್ರು. ಅಪ್ಪ ಲಿಫ್ಟಿನಲ್ಲಿ ಆ ಚೀಟಿಯನ್ನು ಎರಡು ಸಲ ಓದಿದ್ರು.

ಒಂದು ವಿಷಯ ಅಲ್ಲಿ ಗೊತ್ತಾಯ್ತು. ಸ, ಶ, ತ, ಕ ಇಂಥ ವ್ಯಂಜನಗಳ ಶಬ್ದ ಹೆಚ್ಚಾಗಿ ಮೇಲಿನ ಫ್ರೀಕ್ವೆನ್ಸಿಯಲ್ಲಿ ಇರುವುದಂತೆ, ಆ ಆ ಊ ಅನ್ನುವ ಸ್ವರಗಳು ಕೆಳಗೆ. ಹಾಗಾಗಿ ಮಾತು ಕೇಳ್ತದೆ, ಆದ್ರೆ ತಪ್ಪು ಕೇಳ್ತದೆ. ನಮ್ಮ ಮನೆಯಲ್ಲಿ ಅಪ್ಪ ಬಡಿಸುವಾಗ "ಸಾಕು" ಅಂದ್ರೆ ಇನ್ನೊಂದು ಸೌಟು ಹಾಕ್ತಾರೆ. ಮೂರ್ನಾಲ್ಕು ವರ್ಷದಿಂದ ಅದು ಮನೆಯ ದೊಡ್ಡ ಜೋಕು, ನೆಂಟರ ಮುಂದೆಲ್ಲ ಹೇಳಿ ನಗುವಂಥದ್ದು. ಅಪ್ಪನಿಗೆ ಕೇಳ್ತಿದ್ದದ್ದು "ಹಾಕು".

8/8

ಕೊನೆಗೆ ಒಂದಷ್ಟು ಚಿಲ್ಲರೆ ವಿಷಯ.

ವಾಲ್ಯೂಮ್. ಕಾರು ತಂದ ವರ್ಷ ಅಪ್ಪ 18ರಲ್ಲಿ ಇಡ್ತಿದ್ರು, ಈಗ 28. ಅದೂ ಕಿವಿಯ ಕತೆಯೇ. ನಮ್ಮ ಸೆಟ್ ಮೂವತ್ತು ದಾಟಿದ್ರೆ ಕ್ಲಿಪ್ ಆಗ್ತದೆ, ಅಂದ್ರೆ ಅಲೆಯ ತಲೆ ಕತ್ತರಿಸಿದ ಹಾಗೆ ಚಪ್ಪಟೆ ಆಗಿ ಹಾಡು ಒಡೆದು ಕೇಳ್ತದೆ. ಎಷ್ಟೋ ಜನ "ಸ್ಪೀಕರ್ ಒಡೀತು" ಅನ್ನುವುದು ಇದನ್ನೇ. ಪ್ಯಾಸೆಂಜರ್ ಇರುವಾಗ 16, ಒಬ್ಬರೇ ಇರುವಾಗ 22 ಅಂತ ಒಪ್ಪಂದ ಆಗಿದೆ. ಈಕ್ವಲೈಜರಿನಲ್ಲಿ ಒಬ್ಬರೇ ಇರುವಾಗಿನ ಒಂದು ಸೆಟ್ಟಿಂಗ್ ಮಾಡಿಕೊಟ್ಟಿದ್ದೇನೆ, ಎರಡರಿಂದ ನಾಲ್ಕು ಸಾವಿರದ ಪಟ್ಟಿ ಸ್ವಲ್ಪವೇ ಸ್ವಲ್ಪ ಮೇಲೆ. ಪೆನ್‌ಡ್ರೈವಿನಲ್ಲಿರುವುದು ಬರೇ ಯಕ್ಷಗಾನ. ಚೆಂಡೆ, ಮದ್ದಳೆ ಅವರಿಗೆ ಚೆನ್ನಾಗಿ ಕೇಳ್ತದೆ. ಅರ್ಥಗಾರಿಕೆಯಲ್ಲಿ ಮಾತು ಜೋರಾಗಿ ಓಡುವಾಗ ಬಿಟ್ಟುಹೋಗ್ತಿತ್ತಂತೆ, ಕಲಾವಿದರು ಈಗೀಗ ಸ್ಪಷ್ಟ ಮಾತಾಡುದಿಲ್ಲ ಅಂತ ಬೈದುಕೊಳ್ತಿದ್ರು. ಮೊನ್ನೆ ಒಂದು ಹಳೆ ರೆಕಾರ್ಡಿಂಗ್ ಕೇಳಿ ಬಂದು, "ಇವರು ಮಾತ್ರ ಸ್ಪಷ್ಟ ಹೇಳ್ತಾರೆ ನೋಡು" ಅಂದ್ರು. ನಾನು ಮಾತಾಡ್ಲಿಲ್ಲ.

ಖರ್ಚು: ಸ್ಪೀಕರ್ 1,650, ಅರ್ಥಿಂಗ್ 140, ಸ್ಪಂಜಿನ ಟೇಪು 60, ಟಿಂಕರಿಂಗ್ ಅಣ್ಣನಿಗೆ ಚಾ ಮತ್ತು ಗೋಳಿಬಜೆ ಮೂರು ದಿನ. ಕಿವಿಯ ಟೆಸ್ಟ್ ಬೇರೆ.

ಇನ್ನೂ ಒಂದು ಶಬ್ದ ಬಾಕಿ ಉಂಟು. ಹಿಂದಿನ ಎಡಗಡೆ ಎಲ್ಲೋ, 110 ಹರ್ಟ್ಸ್ ಹತ್ರ, ಬರ್ರ್ ಅಂತದೆ, ಮರುಕ್ಷಣ ಇಲ್ಲ. ನಂಬರ್ ಪ್ಲೇಟ್ ಬಿಗಿದೆ, ಜ್ಯಾಕ್ ಬಿಗಿದೆ, ಸೀಟ್‌ಬೆಲ್ಟಿನ ಬಕಲ್ ಕಟ್ಟಿಟ್ಟೆ, ಅಲ್ಲ. ನನಗಿಂತ ಮೊದಲು ಅದು ಅಪ್ಪನಿಗೇ ಕೇಳಿದ್ದು, ಕೆಳಗಿನ ಸ್ವರ ಅಲ್ವಾ. ಈಗ ದಿನಾ ಸಂಜೆ ಬಾಡಿಗೆ ಮುಗಿಸಿ ಬಂದವರೇ ಹಿಂದಿನ ಸೀಟಲ್ಲಿ ಕಣ್ಣು ಮುಚ್ಚಿ ಕೂತು, "84 ಬೇಡ, ಇನ್ನು ಸ್ವಲ್ಪ ಮೇಲೆ ಹಾಕು" ಅಂತ ನನಗೆ ಆರ್ಡರ್ ಮಾಡ್ತಾರೆ. ಸಿಕ್ಕಿದ್ರೆ ಸ್ಟೋರಿಯಲ್ಲಿ ಹಾಕ್ತೇನೆ.

#ಕುಡ್ಲ #ಕಾರ್_ಆಡಿಯೋ #ಅಪ್ಪನ_ಕಾರು #ಕಿವಿ_ಟೆಸ್ಟ್